ಮಾಗಳಿ ಬೇರಿನ ವಾಸನೆ

ಮಾಗಳಿ ಬೇರಿನ ಉಪ್ಪಿನಕಾಯಿಯನ್ನು ನಮ್ಮ ಅಮ್ಮಿ ಕಲಿತದ್ದು ತುಮಕೂರಿನಲ್ಲಿ, ಪಕ್ಕದ ಮನೆಯ ಅಯ್ಯಂಗಾರ್ ಅಜ್ಜಿಯಿಂದ. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಹೋಳುಗಳನ್ನು ಮಜ್ಜಿಗೆಯಲ್ಲಿ ನೆನೆಹಾಕುತ್ತಿದ್ದರು. ಅಬ್ಬಾಗೆ ಆ ವಾಸನೆಯೇ ಆಗದು. ತಿಗಣೆ ಹೊಸಕಿದ ಹಾಗಿದೆ ಎಂದು ಹೊರಗೆ ಹೋಗುತ್ತಿದ್ದರು. ನಮಗಂತೂ ಅನ್ನಕ್ಕೆ ಅದೇ ಬೇಕು.

ಗಿಡವನ್ನು ನೋಡಿದ್ದು ನಲವತ್ತು ದಾಟಿದ ಮೇಲೆ, ದೇವರಾಯನದುರ್ಗದ ಬಂಡೆಗಳ ನಡುವೆ. ಪಕ್ಕದ ಪೊದೆಗಳ ಮೇಲೆ ಹಬ್ಬುವ ಗಿಡ. ಎದುರುಬದುರು ಎಲೆ, ಚಿವುಟಿದರೆ ಎಕ್ಕದಂತೆ ಬಿಳಿ ಹಾಲು. ಎಕ್ಕದ ಕುಟುಂಬದ್ದೇ. ಜೋಡಿಕಾಯಿ ಒಣಗಿ ಬಿರಿದರೆ ರೇಷ್ಮೆಕೂದಲಿನ ಬೀಜಗಳು ಗಾಳಿಗೆ ಹಾರುತ್ತವೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದು.

ಎಲೆಯನ್ನೋ ಕಾಯನ್ನೋ ಕಿತ್ತರೆ ಗಿಡ ಚಿಗುರೀತು. ಇದರಲ್ಲಿ ನಮಗೆ ಬೇಕಾದದ್ದು ಬೇರು. ಅಗೆದರೆ ಗಿಡವೇ ಹೋಯಿತು. ಪರಿಮಳ ಒಂದೇ ಬಗೆಯದಾದ್ದರಿಂದ ಸೊಗದೆ ಬೇರಿನ ಬದಲಿಗೂ ಇದನ್ನೇ ಬಳಸುತ್ತಾರೆ. ರಂಜಾನಿನಲ್ಲಿ ನಾವು ಕುಡಿದ ನನ್ನಾರಿ ಶರಬತ್ತಿನಲ್ಲಿ ಇದೆಷ್ಟಿತ್ತೋ! ಈಗ ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ.

ಕಳೆದ ವರ್ಷ ಮಾರುಕಟ್ಟೆಯಲ್ಲಿ ಬೆರಳು ಗಾತ್ರದ ಬೇರು ಕಂಡು ಇಷ್ಟು ಸಣ್ಣದೇಕೆಂದು ಕೇಳಿದೆವು. "ದಪ್ಪದ್ದು ಎಲ್ಲಿದೆ ಸಾಬ್ರೇ, ಬೆಳೆಯಲು ಬಿಟ್ಟರಲ್ಲವೇ?" ಎಂದಳು ಮಾರುವ ಮುದುಕಿ.

ಮನೆಯಲ್ಲಿ ಅಮ್ಮಿ ಕಾಯುತ್ತಿದ್ದರು. ಅರ್ಧ ಕಿಲೋ ತೂಗಿಸಿಕೊಂಡೆವು.