ಉಸುಕಿನೊಳಗಿನ ಕಣ್ಣು

ಕಲ್ಮಲ ಕ್ರಾಸಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುತ್ತ, ಗೋಬಿ ಹುಡುಕಿಕೊಂಡು ಹೊರಟಿದ್ದೇನೆ ಎಂದೆ. "ಗೋಬಿ ಸಂಜಿಗೆ ಮಾಡ್ತೀವ್ರಿ ಸರ" ಎಂದ ಅಂಗಡಿಯವ. ಅದು ಮೀನಿನ ಹೆಸರು ಎಂದು ಬಿಡಿಸಿ ಹೇಳುವಷ್ಟರಲ್ಲಿ ದೇವದುರ್ಗದ ಬಸ್ಸು ಬಂತು.

ಕಲ್ಮಲದಲ್ಲಿ ದಾರಿ ಒಡೆಯುತ್ತದೆ. ಒಂದು ಮಾನ್ವಿಯತ್ತ, ತುಂಗಭದ್ರೆಯ ಮಗ್ಗುಲಿಗೆ. ಇನ್ನೊಂದು ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಕೃಷ್ಣೆಯ ಮಗ್ಗುಲಿಗೆ. ನಾನು ಹೋದದ್ದು ಕೃಷ್ಣೆಯ ದಂಡೆಯ ಕೊಪ್ಪರಕ್ಕೆ, ನರಸಿಂಹನ ಊರಿಗೆ. ಬೇಸಿಗೆ. ತೆಳುನೀರು, ಬಂಡೆ, ಉಸುಕು.

ಬಲೆ ಕೊಡವುತ್ತಿದ್ದ ಹಿರಿಯರೊಬ್ಬರು ಗೇಣಿಗಿಂತ ಗಿಡ್ಡನೆಯ ಮೀನೊಂದನ್ನು ಎತ್ತಿ ತೋರಿಸಿದರು. "ತೆಲುಗಿನವ್ರು ಇಸುಕದೊಂದು ಅಂತಾರ್ರಿ. ಉಸುಕಿನಾಗ ಮೈ ಹುಗದು ಕುಂತಿರತದ, ಕಣ್ಣಷ್ಟ ಮ್ಯಾಲ."

ಕಂದುಹಳದಿ ಮೈ, ಕರಿಮಚ್ಚೆ, ಮುಂಚಾಚಿದ ಕೆಳದವಡೆ. ಮಗುಚಿ ಹೊಟ್ಟೆ ನೋಡಿದೆ: ಎರಡು ರೆಕ್ಕೆ ಕೂಡಿ ಪುಟ್ಟ ಬಟ್ಟಲಾಗಿವೆ. ಗೋಬಿ ಕುಲದ ಗುರುತೇ ಅದು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಹೊರತಂದ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದಕ್ಕೆ 'ಗಿಯುರಿಸ್' ಎಂದು ಹೆಸರಿಟ್ಟ. ಇಂದು ಅದು ಗ್ಲೊಸೊಗೋಬಿಯಸ್ ಗಿಯುರಿಸ್.

ಇದೇ ಬಟ್ಟಲನ್ನು ನೆಚ್ಚಿ ಇದರ ದೂರದ ದಾಯಾದಿ ಸಿಸಿಯೋಪ್ಟೆರಸ್ ಪಶ್ಚಿಮಘಟ್ಟದ ಹಳ್ಳಗಳಲ್ಲಿ ಬಂಡೆ ಹತ್ತುತ್ತದೆ. ಅದರ ಮರಿ ಸಿಹಿನೀರಲ್ಲಿ ಮೊಟ್ಟೆಯೊಡೆದು, ಕಡಲಿಗೆ ತೇಲಿಹೋಗಿ, ಅಲ್ಲಿ ತುಸು ಬಲಿತು, ಕಲ್ಲು ಕಚ್ಚಿಕೊಂಡು ಮತ್ತೆ ಮೇಲಕ್ಕೆ ಬರುತ್ತದೆ. ನಾನು ಮನಸ್ಸಿನಲ್ಲಿ ಹೊತ್ತು ತಂದಿದ್ದು ಈ ಕಥೆಯನ್ನೇ. ಆದರೆ ಕೃಷ್ಣೆಯಲ್ಲಿ ಆ ಬಾಳುವೆಗೆ ದಾರಿಯೆಲ್ಲಿ? ಇಲ್ಲಿಂದ ಬಂಗಾಳ ಕೊಲ್ಲಿಗೆ ಜುರಾಲ, ಶ್ರೀಶೈಲ, 1967ರ ನಾಗಾರ್ಜುನ ಸಾಗರ ದಾಟಬೇಕು. ಕೊನೆಗೆ ವಿಜಯವಾಡದಲ್ಲಿ 1957ರ ಪ್ರಕಾಶಂ ಬ್ಯಾರೇಜ್. ಅದಕ್ಕೂ ಮೊದಲೇ, 1855ರಿಂದ, ಅಲ್ಲಿ ಒಡ್ಡು ಇತ್ತು. ಇಸುಕದೊಂದು ಈ ಗೊಡವೆಗೆ ಹೋಗಲಿಲ್ಲ. ಅಳಿವೆಯ ಉಪ್ಪುನೀರಲ್ಲೂ ಇರುತ್ತದೆ, ಕಡಲು ಕಾಣದೆ ಕೆರೆ-ಹೊಳೆಗಳಲ್ಲೇ ಸಂಸಾರವನ್ನೂ ಹೂಡುತ್ತದೆ. ಪಯಣಿಗನನ್ನು ಕಾಣಲು ಬಂದವನಿಗೆ ಸಿಕ್ಕಿದ್ದು ಒಕ್ಕಲು ನಿಂತವನು. ನಿಜ ಹೇಳಬೇಕೆಂದರೆ ಮೊದಲು ತುಸು ನಿರಾಸೆಯೇ ಆಯಿತು.

"ಇದರ ಬಳಗದವು ಸಮುದ್ರದಿಂದ ಬರ್ತಾವೆ, ಕಾಕಾ" ಎಂದೆ.

"ಹೌದೇನ್ರಿ? ನಾನೂ ಸಮುದ್ರ ನೋಡಿಲ್ಲ" ಎಂದು ಅವರು ಮೀನನ್ನು ನನ್ನ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿದರು. "ಸಾರಿಗೆ ಛಲೋ ಅದ."