ಹಾರ್ಸ್‌ಶೂ ಸರೋವರದಲ್ಲಿ ವೇಗದ ಲೆಕ್ಕ

ಅಮೆರಿಕದ ಮಿನಿಯಾಪೊಲಿಸ್ ನಗರದಿಂದ ವಾಯವ್ಯ ದಿಕ್ಕಿಗೆ ಕಾರಿನಲ್ಲಿ ಒಂದೂವರೆ ಗಂಟೆ ಸಾಗಿದರೆ ರಿಚ್‌ಮಂಡ್ ಎಂಬ ಪುಟ್ಟ ಊರು ಸಿಗುತ್ತದೆ. ಸೇಂಟ್ ಕ್ಲೌಡ್ ಬಳಿ 23ನೇ ಹೆದ್ದಾರಿ ಹಿಡಿದ ಮೇಲೆ ಎರಡೂ ಬದಿಗೆ ಮುಸುಕಿನ ಜೋಳದ ಹೊಲಗಳು. ನಡುವೆ ಗ್ರಾನೈಟ್ ಕಲ್ಲಿಗೆ ಹೆಸರಾದ ಕೋಲ್ಡ್ ಸ್ಪ್ರಿಂಗ್. ಅದನ್ನು ದಾಟಿದರೆ ಸಾಕ್ ನದಿಯ ನೀರು ತುಂಬಿಕೊಂಡು ಒಂದಕ್ಕೊಂದು ಕೈ ಹಿಡಿದಂತೆ ನಿಂತಿರುವ ಸರೋವರಗಳ ಮಾಲೆ. ಅದಕ್ಕೆ ಹಾರ್ಸ್‌ಶೂ, ಅಂದರೆ ಕುದುರೆ ಲಾಳ ಎಂಬ ಹೆಸರು.

ಮಿನ್ನೆಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂಬ ಬಿರುದಿದೆ. ಇದು ಉತ್ಪ್ರೇಕ್ಷೆಯಲ್ಲ, ಕಡಿಮೆಯೇ ಆಯಿತು. ಹತ್ತು ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದರೂ 11,842 ಆಗುತ್ತವೆ. ಇಲ್ಲಿನವರಿಗೆ ದೋಣಿಯೆಂದರೆ ನಮ್ಮಲ್ಲಿ ಸ್ಕೂಟರ್ ಇದ್ದ ಹಾಗೆ. ಅದರಲ್ಲೂ ಸಂಸಾರವಂದಿಗರ ದೋಣಿ ಎಂದರೆ ಪಾಂಟೂನ್. ಎರಡು ಉದ್ದನೆಯ ಅಲ್ಯುಮಿನಿಯಂ ಕೊಳವೆಗಳು, ಮೇಲೆ ಹಲಗೆಯ ಜಗಲಿ, ಸುತ್ತ ಕಟಕಟೆ, ಸೋಫಾದಂಥ ಆಸನಗಳು, ಮೇಲೊಂದು ಬಟ್ಟೆಯ ಚಪ್ಪರ. ನಮ್ಮ ದೇವಸ್ಥಾನದ ತೆಪ್ಪಕ್ಕೆ ಎಂಜಿನ್ ಕಟ್ಟಿದರೆ ಹೇಗಿರುತ್ತದೋ ಹಾಗೆ.

ಈ ದೋಣಿಯ ತವರು ಇದೇ ರಿಚ್‌ಮಂಡ್. 1950ರ ದಶಕದ ಆರಂಭದಲ್ಲಿ ಇಲ್ಲಿನ ಆಂಬ್ರೋಸ್ ವೀರ್ಸ್ ಎಂಬ ರೈತ ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸುಗೆ ಹಾಕಿ, ಅಂಥ ಎರಡು ಸಾಲುಗಳ ಮೇಲೆ ಮರದ ಹಲಗೆ ಹಾಸಿ ನೀರಿಗೆ ಬಿಟ್ಟ. ಹಿಂಬದಿಗೆ ತಗುಲಿಹಾಕುವ ಔಟ್‌ಬೋರ್ಡ್ ಎಂಜಿನ್ ಅಷ್ಟರಲ್ಲಿ ಮನೆಮಾತಾಗಿತ್ತು. ಅದನ್ನು ಜನಪ್ರಿಯಗೊಳಿಸಿದವನು ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದ, ನಾರ್ವೆ ಮೂಲದ ಓಲೆ ಎವಿನ್ರೂಡ್. ಪ್ರೇಯಸಿಗೆಂದು ಐಸ್‌ಕ್ರೀಂ ತರಲು ಹುಟ್ಟು ಹಾಕಿಕೊಂಡು ಹೋದವನು ಮರಳುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಆ ಬೇಸರದಲ್ಲೇ ಎಂಜಿನ್ನಿನ ಯೋಚನೆ ಹುಟ್ಟಿತೆಂದು ಕಥೆ ಹೇಳುತ್ತಾರೆ. 1911ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು.

ನನ್ನ ಅಕ್ಕನ ಮಗ ಈ ಸರೋವರದ ದಡದಲ್ಲಿ ಒಂದು ಹಳೆಯ ಪಾಂಟೂನ್ ಕೊಂಡಿದ್ದ. ಇಪ್ಪತ್ತು ಅಡಿ ಉದ್ದ, 60 ಅಶ್ವಶಕ್ತಿಯ ಎಂಜಿನ್. ಜೂನ್ ತಿಂಗಳ ಒಂದು ಶನಿವಾರ ಮಕ್ಕಳು ಮರಿ ಸೇರಿ ಹತ್ತು ಜನ ಹತ್ತಿದೆವು. ಪುಳಿಯೋಗರೆ ಡಬ್ಬಿ, ನೀರಿನ ಕ್ಯಾನು, ಐಸ್ ಪೆಟ್ಟಿಗೆ ಎಲ್ಲವನ್ನೂ ಮುಂಭಾಗದಲ್ಲಿ ಪೇರಿಸಿದೆವು. ಮಧ್ಯಾಹ್ನ ಪಶ್ಚಿಮದಲ್ಲಿ ಮೋಡ ಕಂಡಿತು. ‘ಇನ್ನೂ ಹೊತ್ತಿದೆ’ ಎಂದುಕೊಂಡೆವು. ಹೊರಟಾಗ ಗುಡುಗು ಶುರುವಾಗಿತ್ತು. ಎಂಜಿನ್ ಪೂರ್ತಿ ಗರ್ಜಿಸುತ್ತಿದ್ದರೂ ದೋಣಿ ತೆವಳುತ್ತಿತ್ತು. ಮೂತಿ ನೀರನ್ನು ಉಳುತ್ತಿತ್ತು. ಬಟ್ಟಬಯಲಿನಂಥ ನೀರಿನ ಮೇಲೆ ಲೋಹದ ದೋಣಿ, ತಲೆಯ ಮೇಲೆ ಮಿಂಚು. ಮಕ್ಕಳು ಅಳಲೂ ಮರೆತು ಕುಳಿತಿದ್ದವು. ದಡ ಮುಟ್ಟಿ ಹಗ್ಗ ಕಟ್ಟುವಾಗ ಮಳೆ ರಪ್ಪೆಂದು ಬಿತ್ತು.

ಆ ರಾತ್ರಿ ಅಕ್ಕನ ಮಗ, “ಮಾವ, ಈ ಎಂಜಿನ್ ಸಾಲದು. 115ರದ್ದು ಹಾಕಿಸಿಬಿಡ್ತೀನಿ” ಎಂದ. ಅವನ ಹೆಂಡತಿ ತಟ್ಟೆ ಎತ್ತಿಡುತ್ತ, “ಯಾವ ದುಡ್ಡಲ್ಲಿ?” ಎಂದಳು. ಮೂವರಿಗೂ ಉತ್ತರ ಗೊತ್ತಿತ್ತು. ಒಂಬತ್ತನೇ ತರಗತಿಯ ಮಗಳ ಕಾಲೇಜಿಗೆಂದು ಕೂಡಿಡುತ್ತಿದ್ದ ಹಣ. ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮರುದಿನ ಪಕ್ಕದ ಮನೆಯ ಮುದುಕ ಬಂದ. ಆಯುಷ್ಯವೆಲ್ಲ ಟ್ರಾಕ್ಟರ್ ರಿಪೇರಿ ಮಾಡಿದವನು. ಏನೂ ಹೇಳದೆ ದೋಣಿಯ ಒಳಬದಿಗೆ ಅಂಟಿಸಿದ್ದ ಫಲಕದ ಮೇಲೆ ಬೆರಳಿಟ್ಟ. ಗರಿಷ್ಠ ಒಂಬತ್ತು ಜನ, ಗರಿಷ್ಠ 75 ಅಶ್ವಶಕ್ತಿ. ನಾವು ಹತ್ತು ಜನ ಹತ್ತಿದ್ದೆವು; ಹಾಕಲು ಹೊರಟಿದ್ದು 115. ಅಕ್ಕನ ಮಗನ ಮುಖ ಸಣ್ಣದಾಯಿತು. “ಇರುವ ಅರವತ್ತು ಕುದುರೆಗಳು ಎಲ್ಲಿ ಕಳೆದುಹೋಗುತ್ತಿವೆ ಎಂದು ಮೊದಲು ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಬರೆದಿಡಿ” ಎಂದ ಮುದುಕ.

ಬರೆಯುವ ಕೆಲಸ ಹುಡುಗಿಯದಾಯಿತು. ನಾಲ್ಕೇ ಜನ, ಒಂದೇ ದಾರಿ, ಹೋಗುವಾಗೊಮ್ಮೆ ಬರುವಾಗೊಮ್ಮೆ ಅಳತೆ. ಹೀಗೆ ಮಾಡಿದರೆ ಗಾಳಿಯ ಪ್ರಭಾವ ಬಹುಮಟ್ಟಿಗೆ ಸರಿಹೋಗುತ್ತದೆ. ವೇಗ ತೋರಿಸಲು ಮೊಬೈಲಿನ ಜಿಪಿಎಸ್. ಮೊದಲ ಪುಟದಲ್ಲಿ ಹೀಗಿತ್ತು: ಗಂಟೆಗೆ 25 ಕಿ.ಮೀ.; ಎಂಜಿನ್ ನಿಮಿಷಕ್ಕೆ 4,700 ಸುತ್ತು. ಈ ಎಂಜಿನ್ ಪೂರ್ತಿ ತೆರೆದಾಗ 5,500ರಿಂದ 6,000 ಸುತ್ತು ತಿರುಗಬೇಕೆಂದು ಅದರ ಕೈಪಿಡಿ ಹೇಳುತ್ತಿತ್ತು.

ಮೊದಲು ದೋಣಿಯನ್ನು ಟ್ರೇಲರ್ ಮೇಲೆ ಎಳೆದು ದಡಕ್ಕೆ ತಂದೆವು. ಕೊಳವೆಗಳ ತಳದಲ್ಲಿ ಹಸಿರು ಪಾಚಿ ದಪ್ಪಗೆ ಕಟ್ಟಿತ್ತು. ನುಣುಪಾದ ಲೋಹದ ಮೇಲೆ ಜಾರಬೇಕಾದ ನೀರು ಈ ಒರಟು ಪದರಕ್ಕೆ ಸಿಕ್ಕಿ ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ನೀರಿನಿಂದ ದೂರ ನಿಲ್ಲಿಸಿ ತೊಳೆದೆವು. ಒಂದು ಸರೋವರದ ಕಳೆ, ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ ಇನ್ನೊಂದಕ್ಕೆ ಹರಡದಂತೆ ಇಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಇದೇ ಹೊತ್ತಿಗೆ ಮುದುಕ ಎಡಗಡೆಯ ಕೊಳವೆಯ ಬಿರಡೆ ಬಿಚ್ಚಿದ. ನೀರು ಸುರಿಯತೊಡಗಿತು. ಬೆಸುಗೆಯಲ್ಲಿದ್ದ ಕೂದಲೆಳೆಯ ಬಿರುಕಿನಿಂದ ಒಳಸೇರಿದ ನೀರು. ಹುಡುಗಿ ಬಕೆಟ್‌ನಲ್ಲಿ ಅಳೆದು ‘60 ಲೀಟರ್’ ಎಂದು ಬರೆದಳು. ಅಂದರೆ 60 ಕೆ.ಜಿ.; ಟಿಕೆಟ್ ಇಲ್ಲದ ಇನ್ನೊಬ್ಬ ಪ್ರಯಾಣಿಕ! ಬಿರುಕಿಗೆ ಬೆಸುಗೆ ಹಾಕಿಸಿ ನೀರಿಗಿಳಿಸಿದಾಗ ವೇಗ 28ಕ್ಕೆ ಏರಿತ್ತು.

ಎರಡನೆಯದು ಭಾರದ ಹಂಚಿಕೆ. ಮುಂದೆ ಪೇರಿಸಿದ್ದ ಸಾಮಾನುಗಳನ್ನು ನಡುವಿನಿಂದ ತುಸು ಹಿಂದಕ್ಕೆ ಸರಿಸಿದೆವು. ಮೂತಿ ಎದ್ದಿತು, ವೇಗ 29 ಆಯಿತು. ಹಾಗೆಂದು ಎಲ್ಲವನ್ನೂ ಹಿಂದಕ್ಕೆ ಹಾಕಿದರೆ ಹಿಂಬದಿ ಮುಳುಗಿ ಮತ್ತೆ ನಷ್ಟವೇ.

ಮೂರನೆಯದು ಎಂಜಿನ್ನಿನ ಎತ್ತರ. ಪ್ರೊಪೆಲರಿನ ಮೇಲ್ಗಡೆ ಒಂದು ಚಪ್ಪಟೆ ತಗಡು ಚಾಚಿಕೊಂಡಿರುತ್ತದೆ. ಮೇಲಿನ ಗಾಳಿ ಪ್ರೊಪೆಲರಿಗೆ ಎಳೆದುಕೊಳ್ಳದಂತೆ ತಡೆಯುವುದು ಅದರ ಕೆಲಸ. ಓಡುವಾಗ ಅದು ನೀರಿನ ಮೇಲ್ಮೈ ಹತ್ತಿರ ಇರಬೇಕು. ನಮ್ಮದು ಆಳದಲ್ಲಿ ಹೂತು ಎಂಜಿನ್ನಿನ ಕಾಲು ಸುಮ್ಮನೆ ನೀರನ್ನು ಕಡೆಯುತ್ತಿತ್ತು. ಬೋಲ್ಟ್ ಸಡಿಲಿಸಿ ಒಂದು ರಂಧ್ರದಷ್ಟು ಮೇಲಕ್ಕೇರಿಸಿದೆವು. ಆಸೆಯಿಂದ ಇನ್ನೊಂದು ರಂಧ್ರ ಏರಿಸಿದಾಗ ತಿರುವಿನಲ್ಲಿ ಪ್ರೊಪೆಲರ್ ಗಾಳಿ ಎಳೆದುಕೊಂಡು ಎಂಜಿನ್ ಕಿರುಚಿತು, ದೋಣಿ ನಿಂತಲ್ಲೇ ನಿಂತಿತು. ಮತ್ತೆ ಇಳಿಸಿದೆವು. ತಂಪು ಮಾಡುವ ನೀರನ್ನು ಎಂಜಿನ್ ಹೀರಿಕೊಳ್ಳುವ ಕಿಂಡಿಯೂ ಸದಾ ಮುಳುಗಿರಬೇಕು. ಇಲ್ಲದಿದ್ದರೆ ಎಂಜಿನ್ ಸುಟ್ಟೀತು.

ಕೊನೆಯದು ಪ್ರೊಪೆಲರ್. ಅದು ನೀರಿನೊಳಗಿನ ಸ್ಕ್ರೂ ಇದ್ದಂತೆ. ಒಂದು ಸುತ್ತಿಗೆ ಎಷ್ಟು ದೂರ ಮುಂದೊತ್ತಬೇಕೋ ಅದೇ ಅದರ ಪಿಚ್. ನಮ್ಮದರ ಪಿಚ್ 13 ಅಂಗುಲ. ದೊಡ್ಡ ಪಿಚ್ ಎಂದರೆ ಹೆಚ್ಚು ವೇಗ ಎಂದು ಅಕ್ಕನ ಮಗ ನಂಬಿದ್ದ. ಏರು ದಾರಿಯಲ್ಲಿ ಟಾಪ್ ಗೇರ್ ಹಾಕಿದ ಬಸ್ಸನ್ನು ನೆನೆಸಿಕೊಳ್ಳಿ ಎಂದೆ ನಾನು. ಭಾರದ ದೋಣಿಗೆ ದೊಡ್ಡ ಪಿಚ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ತನ್ನ ಪೂರ್ಣ ಶಕ್ತಿಯ ಸುತ್ತು ಮುಟ್ಟುವುದೇ ಇಲ್ಲ. ಪಿಚ್ ಒಂದು ಅಂಗುಲ ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ ಮುದುಕ 11 ಅಂಗುಲದ್ದನ್ನು ಜೋಡಿಸಿದ. ಈಗ 5,500 ಸುತ್ತು, ವೇಗ 32 ಕಿ.ಮೀ.

ಹುಡುಗಿ ಲೆಕ್ಕ ಮಾಡಿದಳು. ಎಂಜಿನ್ 2.33 ಸುತ್ತು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು. ಅಂದರೆ ನಿಮಿಷಕ್ಕೆ ಸುಮಾರು 2,360 ಸುತ್ತು. ಪ್ರತಿ ಸುತ್ತಿಗೆ 11 ಅಂಗುಲ, ಅಂದರೆ 0.28 ಮೀಟರ್. ಗಂಟೆಗೆ ಸುಮಾರು 40 ಕಿ.ಮೀ. ಆಗಬೇಕು. “ಅಜ್ಜ, ಉಳಿದ ಎಂಟು ಎಲ್ಲಿ ಹೋಯಿತು?” ಎಂದಳು. ನೀರು ಮರದಂತೆ ಗಟ್ಟಿಯಲ್ಲವಲ್ಲ, ಸ್ವಲ್ಪ ಜಾರುತ್ತದೆ. ಆ ನಷ್ಟಕ್ಕೆ ‘ಸ್ಲಿಪ್’ ಎನ್ನುತ್ತಾರೆ. ಅವಳು ಹಿಂದಿನ ಪುಟ ತಿರುವಿದಳು. ಮೊದಲ ದಿನವೂ ಲೆಕ್ಕಕ್ಕೆ ಬರುವುದು 40 ಕಿ.ಮೀ. ವೇಗವೇ, ಸಿಕ್ಕಿದ್ದು 25. ಹದಿನೈದು ಪೋಲಾಗುತ್ತಿದ್ದುದು ಎಂಟಕ್ಕೆ ಇಳಿದಿತ್ತು.

ಬೆಸುಗೆಗೂ ಪ್ರೊಪೆಲರಿಗೂ ಆದ ಖರ್ಚು ಹೊಸ ಎಂಜಿನ್ನಿನ ಬೆಲೆಯ ಮುಂದೆ ಏನೇನೂ ಅಲ್ಲ. ಕಾಲೇಜಿನ ಹಣ ಬ್ಯಾಂಕಿನಲ್ಲೇ ಉಳಿಯಿತು. ಮಕ್ಕಳು ಹಿಂದುಳಿದರೆ ಇನ್ನೊಂದು ಟ್ಯೂಶನ್, ಇನ್ನೊಂದು ಕೋರ್ಸು ಎಂದು ಹೊರಡುವ ನಾವು, ಅವರ ದೋಣಿಯೊಳಗೆ ಎಲ್ಲಾದರೂ ನೀರು ಸೇರಿದೆಯೇ ಎಂದು ನೋಡುವುದು ಕಡಿಮೆ ಎಂದು ನನಗನಿಸಿತು.

ನಾನು ಹೊರಡುವ ಮುನ್ನ ಕೊನೆಯ ಬಾರಿ ನೀರಿಗಿಳಿದೆವು. ಈ ಸಲ ಎಂಟೇ ಜನ. ಹತ್ತು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಇಲ್ಲಿ ಕಡ್ಡಾಯ. ಅಂದು ದೊಡ್ಡವರೂ ತೊಟ್ಟಿದ್ದೆವು. ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಅಂಗೈಯಗಲದ ಮೋಡ ಕಂಡಿತು. ದೋಣಿ ಈಗ ಚುರುಕಾಗಿದೆ, ಇನ್ನರ್ಧ ಗಂಟೆ ಇರೋಣ ಎಂದು ಅಕ್ಕನ ಮಗ ಬಾಯಿ ತೆರೆದ. ಹುಡುಗಿ ನೋಟ್‌ಬುಕ್ ಮುಚ್ಚಿ, “ಈಗಲೇ ಹೊರಡೋಣ ಅಪ್ಪ” ಎಂದಳು. ಅವನು ಮರುಮಾತಿಲ್ಲದೆ ಸ್ಟಿಯರಿಂಗ್ ತಿರುಗಿಸಿದ. ಮನೆ ಸೇರಿ ಕಾಫಿ ಕುಡಿದ ಎಷ್ಟೋ ಹೊತ್ತಿನ ಮೇಲೆ ಮಳೆ ಬಂತು.