ಒಂಟೆ ಅತ್ತ ವಾದ್ಯ (ಭಾಗ 3)

ಹೋದ ವಾರ ಸ್ಟೋರಿಗೆ ‘ದ ಹೂ’ ಬ್ಯಾಂಡಿನ ಹಾಡು ಹಾಕಿದ್ದೇ ತಡ, ಅರ್ಧ ಕ್ಲಾಸು ಮೆಸೇಜ್ ಮಾಡಿತು: ‘ಆ ಕುದುರೆ ತಲೆಯ ವಾದ್ಯ ಎಂತದ್ದು ಮಾರಾಯ್ತಿ?’

ಮೊರಿನ್ ಖೂರ್. ಮಂಗೋಲಿಯಾದ್ದು. ಎರಡೇ ತಂತಿ. ದಪ್ಪದ್ದಕ್ಕೆ ಗಂಡು ಕುದುರೆ ಬಾಲದ 130 ಕೂದಲು, ತೆಳುವಿಗೆ ಹೆಣ್ಣು ಕುದುರೆಯ 105. ಇದು ಹಳೇ ಲೆಕ್ಕ, ಈಗ ನೈಲಾನೂ ಬಂದಿದೆ. ಕಮಾನಿಗೂ ಕುದುರೆ ಕೂದಲೇ. (ನಮ್ಮ ಪಿಟೀಲಿನ ಕಮಾನಿಗೂ ಅದೇ, ಗೊತ್ತಿತ್ತಾ?)

ಆದರೆ ನಾನು ಹೇಳಬೇಕೆಂದಿದ್ದು ಬೇರೆ. 2003ರಲ್ಲಿ ‘ದ ಸ್ಟೋರಿ ಆಫ್ ದ ವೀಪಿಂಗ್ ಕ್ಯಾಮಲ್’ ಅಂತ ಒಂದು ಸಿನಿಮಾ ಬಂತು. ಗೋಬಿ ಮರುಭೂಮಿಯ ಒಂದು ಕುಟುಂಬ, ಅವರದೊಂದು ಒಂಟೆ. ಹೆರಿಗೆ ತುಂಬಾ ಕಷ್ಟವಾಗುತ್ತೆ. ಹುಟ್ಟಿದ ಬಿಳಿ ಮರಿಯನ್ನು ತಾಯಿ ಹತ್ತಿರಕ್ಕೇ ಸೇರಿಸಲ್ಲ, ಹಾಲಿಗೆ ಬಂದರೆ ತಳ್ಳುತ್ತೆ. ಆ ಮನೆಯವರು ಅದಕ್ಕೆ ಹೊಡೆಯಲ್ಲ, ಬೈಯಲ್ಲ. ಇಬ್ಬರು ಹುಡುಗರನ್ನು ದೂರದ ಊರಿಗೆ ಕಳಿಸಿ ವಾದ್ಯ ನುಡಿಸುವವರನ್ನು ಕರೆಸ್ತಾರೆ! ಮೊದಲು ಖೂರ್ ಅನ್ನು ಒಂಟೆಯ ಡುಬ್ಬಕ್ಕೆ ನೇತುಹಾಕ್ತಾರೆ. ಗಾಳಿ ಬೀಸಿದಾಗ ತಂತಿ ತಾನಾಗಿ ಗುಂಯ್‌ಗುಡುತ್ತೆ. ಆಮೇಲೆ ಅವರು ನುಡಿಸ್ತಾರೆ, ಮನೆಯ ಹೆಂಗಸು ಒಂಟೆಯ ಮೈ ಸವರುತ್ತಾ ಹಾಡ್ತಾಳೆ. ಮತ್ತೆ ಮತ್ತೆ ಅದೇ ಹಾಡು. ಕೊನೆಗೆ ಒಂಟೆಯ ಕಣ್ಣಲ್ಲಿ ನೀರು. ಮರಿ ಹಾಲು ಕುಡಿಯುತ್ತೆ. ಕಟ್ಟುಕಥೆ ಅನ್ಕೋಬೇಡಿ. ಇದು ಅಲ್ಲಿನ ಕುರುಬರ ನಿಜವಾದ ಪದ್ಧತಿ. 2015ರಲ್ಲಿ ಯುನೆಸ್ಕೋ ಇದನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು.

ಈಗ ಬರೆಯೋದನ್ನು ಅಮ್ಮನ ಹತ್ತಿರ ಕೇಳಿಯೇ ಬರೀತಿದೀನಿ.

ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ಸುಮಾರು ಒಂದು ತಿಂಗಳು ಅಮ್ಮ ಅವನನ್ನು ಎತ್ತಿಕೊಳ್ಳಲೇ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದಳು. ಬಾಣಂತಿ ನೋಡಲು ಬಂದವರೆಲ್ಲ ‘ಎಂಥಾ ತಾಯಿ ಇವಳು’ ಅಂತ ಅವಳಿಗೆ ಕೇಳುವ ಹಾಗೇ ಅಂದು ಹೋಗ್ತಿದ್ದರು. ಅದೊಂದು ಕಾಯಿಲೆ, ಅದಕ್ಕೆ ಡಾಕ್ಟರ್ ಇದ್ದಾರೆ ಅಂತ ನಮ್ಮನೇಲಿ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿಯೊಬ್ಬಳು ಮಾತ್ರ ಏನೂ ಅನ್ನದೆ, ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನ ಬೆನ್ನು ಸವರುತ್ತಾ ಕೂರುತ್ತಿದ್ದಳು. ನಾನೂ ಅಮ್ಮನ ಮೇಲೆ ಸಿಟ್ಟಾಗಿದ್ದೆ. ತುಂಬಾ ವರ್ಷ.

ಮೊನ್ನೆ ರಜೆಗೆ ಹೋದಾಗ ಅಮ್ಮನಿಗೆ ಲ್ಯಾಪ್‌ಟಾಪಲ್ಲಿ ಆ ಸಿನಿಮಾ ಹಾಕಿದೆ. ಒಂಟೆ ಅಳುವಾಗ ಅವಳು ಏನೂ ಮಾತಾಡಲಿಲ್ಲ. ಮುಗಿದ ಮೇಲೆ, ‘ಆ ಹೆಂಗಸು ಹಾಡ್ತಾಳಲ್ಲ, ಅದನ್ನ ಇನ್ನೊಂದ್ಸಲ ಹಾಕು’ ಅಂದಳು. ತಮ್ಮ ಅವಳ ತೊಡೆ ಮೇಲೆ ಕಾಲು ಚಾಚಿ ಚಕ್ಕುಲಿ ತಿಂತಿದ್ದ.